ತೆಗೆದದ್ದೆಲ್ಲ ವಾಪಸ್ ಬೇಕು

ಸಿದ್ದೇಶನಿಗೆ ಪೈಪು ಗೊತ್ತು. ಕುಷ್ಟಗಿಯ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಪೈಪಿನ ಅಂಗಡಿ. ಅರ್ಧ ಇಂಚಿನಿಂದ ಆರು ಇಂಚಿನವರೆಗೆ ಎಲ್ಲ ಪೈಪೂ ಅಲ್ಲಿ ಸಿಗುತ್ತವೆ. ಹೀಗಾಗಿ ಜಗತ್ತಿನ ಯಾವ ಯಂತ್ರ ಕೆಟ್ಟರೂ ಅವನು ಹೇಳುವ ರೋಗ ಒಂದೇ: ಎಲ್ಲೋ ಲೀಕ್ ಆಗಿದೆ. ಮಿಕ್ಸರ್ ನಿಂತರೂ ಲೀಕು, ಮೊಬೈಲು ನಿಂತರೂ ಲೀಕು. ಕಾರಿನಲ್ಲಿ ಸ್ಟೇರಿಂಗಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡಿದೆ ಎಂದು ಹೆಂಡತಿ ಸುನಿತಾ ಹೇಳಿದ ಸಂಜೆ ಅವನು ರೊಟ್ಟಿ ಮುರಿಯುತ್ತಲೇ ತೀರ್ಪು ಕೊಟ್ಟ.

“ಲೀಕ್ ಇರ್ಬೇಕು.”

“ಏನು ಲೀಕ್ ರೀ? ಈ ಗಾಡಿ ಸ್ಟೇರಿಂಗಿಗೆ ಎಣ್ಣಿನೇ ಇಲ್ಲ. ಕರೆಂಟಿನ ಮ್ಯಾಲೆ ನಡೀತೈತಿ.”

“ಹಂಗಂದ್ರ ಕರೆಂಟ್ ಲೀಕ್. ದೀಪ ಹತ್ತೂದು ಛಲೋ ಲಕ್ಷಣ. ಆರಿದ್ರ ಹೇಳು.”

ದೀಪ ಆರಲಿಲ್ಲ. ಸ್ಟೇರಿಂಗಿಗೆ ಮನಸ್ಸು ಬಂದರೆ ಹಗುರ, ಬರದಿದ್ದರೆ ಬೀಸುಕಲ್ಲು. ಸಿದ್ದೇಶನಿಗೇನು, ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪೈಪು ಕಟ್ಟಿದ ಬೈಕು ಬರುತ್ತಿತ್ತು. ಸುನಿತಾಳಿಗೆ ಮಾತ್ರ ಆ ಹಳೆಯ ಕಾರು ಬರೀ ಕಾರಾಗಿರಲಿಲ್ಲ. ಅವಳು ಮಂಗಳೂರಿನ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. (ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಇಲ್ಲಿ ನೀರಿನ ಟ್ಯಾಂಕರ್ ಬಂದ ದಿನ ಮಾತ್ರ ಅಲೆ ಏಳುತ್ತದೆ.) ಮಗಳು ಅಂಜಲಿಗೆ ಹನ್ನೊಂದು ತಿಂಗಳು, ಇನ್ನೂ ಎದೆಹಾಲಿನ ಕೂಸು. ದಿನಾ ಮುಂಜಾನೆ ಸುನಿತಾ ಕಾರು ಓಡಿಸುವಳು. ಹಿಂದಿನ ಸೀಟಿನಲ್ಲಿ ಅತ್ತೆ ಶೇಖರಮ್ಮ, ಅತ್ತೆಯ ತೊಡೆಯ ಮೇಲೆ ಅಂಜಲಿ. ಸಾಲೆಯ ಪಕ್ಕದಲ್ಲೇ ಶೇಖರಮ್ಮನ ಚಿಕ್ಕಮ್ಮನ ಮಗಳ ಮನೆ. ಅಜ್ಜಿ ಮೊಮ್ಮಗಳು ಅಲ್ಲಿ ಸಂಜೆಯತನಕ ಇರುವರು, ಮಧ್ಯಾಹ್ನದ ಬಿಡುವಿನಲ್ಲಿ ಸುನಿತಾ ಹೋಗಿ ಹಾಲೂಡಿಸಿ ಬರುವಳು. ಬಸ್ಸು ಹತ್ತಲು, ಮನೆಯಲ್ಲಿ ಒಬ್ಬಳೇ ದಿನವಿಡೀ ಅಂಬೆಗಾಲಿನ ಕೂಸಿನ ಹಿಂದೆ ಓಡಲು ಶೇಖರಮ್ಮನ ಮೊಣಕಾಲು ಒಪ್ಪುವುದಿಲ್ಲ. ಕಾರು ನಿಂತರೆ ಕೂಸು ತಾಯಿಯನ್ನು ಬಿಟ್ಟಿರಬೇಕು. ಲೆಕ್ಕ ಇಷ್ಟೇ.

ಇಲ್ಲಿ ಓದುವವರಿಗೆ ಮಾತ್ರ ಒಂದು ಗುಟ್ಟು. ಶೇಖರಮ್ಮ ಪ್ರತಿ ಅಮಾವಾಸ್ಯೆಗೆ ಕಾರಿಗೆ ತೆಂಗಿನಕಾಯಿ ಒಡೆದು, ನೀರನ್ನು ಬಾನೆಟ್ಟಿನ ಮೇಲೆ ತೀರ್ಥದಂತೆ ಚಿಮುಕಿಸುವಳು. ಆಗೆಲ್ಲ ಸುನಿತಾ “ಕಬ್ಬಿಣಕ್ಕ ಭಕ್ತಿ ತಿಳೀತೈತೇನ್ರಿ ಅತ್ತಿ?” ಎಂದು ನಗುವಳು. ಆದರೆ ಅಂಜಲಿ ಆ ಕಾರಿನಲ್ಲಿ ಕೂರಲು ಶುರುಮಾಡಿದ ಮೊದಲ ಅಮಾವಾಸ್ಯೆಯಂದು, ಮನೆಯವರು ಊಟಕ್ಕೆ ಕೂತ ಹೊತ್ತಿನಲ್ಲಿ, ಈ ವಿಜ್ಞಾನದ ಟೀಚರು ಎರಡು ಹೋಳಿಗೆಯನ್ನು ಮಗಳ ತಲೆಗೆ ಸಣ್ಣದಾಗಿದ್ದ ಕುಂಚಿಗೆಯಲ್ಲಿ ಕಟ್ಟಿ, ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕದಲ್ಲಿ ಎಡೆ ಇಟ್ಟಳು. ಹೊರಗಿಟ್ಟರೆ ನಾಯಿ ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಅತ್ತೆ ನೋಡುತ್ತಾಳೆ. ಕುಂಚಿಗೆ ಏಕೆಂದರೆ, ಯಾರ ಸಲುವಾಗಿ ಎನ್ನುವುದು ಗಾಡಿಗೆ ಗೊತ್ತಿರಲಿ ಎಂದು. ಮರುದಿನ ನೋಡಿದರೆ ಹೋಳಿಗೆ ಇರಲಿಲ್ಲ. ಯಾರು ತಿಂದರೆಂದು ಟೀಚರು ಸಂಶೋಧನೆಗೆ ಇಳಿಯಲಿಲ್ಲ, ಸ್ವೀಕಾರವಾಯಿತು ಎಂದುಕೊಂಡಳು. ಹೀಗೆ ಐದು ಅಮಾವಾಸ್ಯೆ. ಮೂರನೆಯದರಲ್ಲಿ ಕುಂಚಿಗೆಯೂ ಸ್ವೀಕಾರವಾಯಿತು. ಅದು ಶೇಖರಮ್ಮ ತನ್ನ ಮದುವೆಯ ಇಳಕಲ್ ಸೀರೆಯ ಸೆರಗಿನಲ್ಲಿ ಕೈಯಾರೆ ಹೊಲಿದ ಕುಂಚಿಗೆ. ಪಾಪ, ಆಕೆ ಟ್ರಂಕನ್ನೆಲ್ಲ ತೆಗೆದು ಹುಡುಕಿ, ಕೊನೆಗೆ ಗಂಗಾವತಿಯ ಬೀಗರ ಮೇಲೆ ಸಂಶಯ ಇಟ್ಟುಕೊಂಡು ಸುಮ್ಮನಾಗಿದ್ದಳು.

ದೀಪ ಹತ್ತಿದ ಎಂಟನೇ ದಿನ ಮಂಗಳೂರಿನ ಹೊರಗಿನ ತಿರುವಿನಲ್ಲಿ ಕಡಲೆ ಹೊಟ್ಟು ಹೇರಿದ ಟ್ರ್ಯಾಕ್ಟರು ಎದುರಾಯಿತು. ಸುನಿತಾ ಎಡಕ್ಕೆ ಎಳೆದಳು. ಸ್ಟೇರಿಂಗು ಬರಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಎಳೆದಳು. ಬಂತು, ಆದರೆ ಬಂದಾಗ ಮಿತಿಮೀರಿ ಬಂತು. ಕಾರು ರಸ್ತೆಯ ಪಕ್ಕದ ಕಂಕರ ಕಲ್ಲಿನ ಗುಡ್ಡೆಗೆ ಮೂತಿ ಹಚ್ಚಿ ನಿಂತಿತು. ಅಂಜಲಿಯ ಹಣೆ ಮುಂದಿನ ಸೀಟಿಗೆ ಬಡಿದು ನೆಲ್ಲಿಕಾಯಿಯಷ್ಟು ಊದಿತು.

ಶೇಖರಮ್ಮ ಮನೆಗೆ ಬಂದು, ಕೂಸಿನ ಹಣೆಗೆ ಅರಿಸಿನ ಹಚ್ಚಿ, ಕೈ ತೊಳೆದುಕೊಂಡ ಮೇಲೆ ಹೇಳಿದಳು.

“ನಂಗೇನರ ಆದ್ರ ಆಗ್ಲಿ, ವಯಸ್ಸಾಗೇತಿ. ಕೂಸಿನ್ನ ಮಾತ್ರ ಈ ಗಾಡ್ಯಾಗ ಕುಂದ್ರಸಂಗಿಲ್ಲ. ಗಾಡಿ ಸರಿ ಆಗೂಮಟ ಗಂಗಾವತ್ಯಾಗ ನಿಮ್ಮವ್ವನ ಕಡಿ ಇರ್ಲಿ.”

“ಅತ್ತಿ, ಅಕಿ ಹಾಲು ಕುಡಿಯೂ ಕೂಸು.”

“ಹಾಲು ಬ್ಯಾರೆ ಕೊಡಾಕ ಬರ್ತೈತವಾ. ಹಣಿ ಬ್ಯಾರೆ ಕೊಡಾಕ ಬರ್ತೈತೇನು?”

ಸುನಿತಾ ಕೂಸಿನ ಹಣೆಯ ಊತವನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಇಂಥ ಪ್ರಶ್ನೆ ವಿಜ್ಞಾನದ ಪುಸ್ತಕದಲ್ಲಿ ಇರಲಿಲ್ಲ.

ಕಾರು ಕೊಪ್ಪಳದ ದೊಡ್ಡ ವರ್ಕ್‌ಶಾಪಿಗೆ ಹೋಯಿತು. ಓಡಿಸಿಕೊಂಡು ಹೋದವನು ಲಾರಿ ಓಡಿಸಿ ತೋಳು ಬೆಳೆಸಿದ ಒಬ್ಬ ಡ್ರೈವರು. ಅವನೂ ಇಳಿದ ಮೇಲೆ ಹೆಗಲು ತಿಕ್ಕಿಕೊಂಡ. ಅಲ್ಲಿ ಇಸ್ತ್ರಿ ಅಂಗಿಯವನೊಬ್ಬ ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಕಂಪ್ಯೂಟರ್ ನೋಡಿ, ಬಾನೆಟ್ಟಿಗೆ ಕೈ ಕೂಡ ಹಚ್ಚದೆ ಫಲ ಹೇಳಿದ.

“ಸ್ಟೇರಿಂಗ್ ಮೋಟರ್ ಹೋಗೇತಿ ಮೇಡಂ. ಪೂರಾ ಅಸೆಂಬ್ಲಿನೇ ಬದ್ಲಿ ಮಾಡ್ಬೇಕು. ಎಲ್ಲಾ ಕೂಡಿ ನಲವತ್ತೊಂದು ಸಾವಿರದ ಆರುನೂರು.”

“ರಿಪೇರಿ ಆಗಂಗಿಲ್ಲೇನ್ರಿ?”

“ಈಗಿನ ಗಾಡಿಗೆ ರಿಪೇರಿ ಇರಂಗಿಲ್ಲ ಮೇಡಂ. ಬದ್ಲಿ ಇರ್ತೈತಿ.”

ಸಿದ್ದೇಶ ಮೆಲ್ಲಗೆ, “ಇಷ್ಟು ರೊಕ್ಕಕ್ಕ ಒಂದು ಎಕರೆಗೆ ಡ್ರಿಪ್ ಹಾಕಬಹುದಲ್ಲ” ಎಂದ. ಸುನಿತಾ ಅವನನ್ನು ನೋಡಿದ ನೋಟಕ್ಕೆ ಆರು ಇಂಚಿನ ಪೈಪಾಗಿದ್ದರೂ ಸೀಳುತ್ತಿತ್ತು. ಇಪ್ಪತ್ತು ಸಾವಿರ ಮುಂಗಡ, ಪಾರ್ಟು ಎಂಟು ದಿನದಲ್ಲಿ ಬರುತ್ತದೆ, ಕೊಟ್ಟ ಮುಂಗಡ ವಾಪಸ್ ಇಲ್ಲ. ಪಾರ್ಟು ಬರುವತನಕ ಕಾರು ಮಾತ್ರ ಮನೆಗೆ ವಾಪಸ್. ಅಂಜಲಿಯ ಕಿವಿ ಚುಚ್ಚಿಸುವಾಗ ಬಂಗಾರದ ಓಲೆಗೆಂದು ಇಟ್ಟ ಹಣವನ್ನು ಸುನಿತಾ ಅಲ್ಲೇ ಫೋನಿನಿಂದ ಕಳಿಸಿದಳು. ಮರುದಿನ ಅಂಜಲಿಯನ್ನು ಗಂಗಾವತಿಗೆ ಕಳಿಸಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಯಾರ ಮೇಲಾದರೂ ತಪ್ಪು ಹೊರಿಸದೆ ತುತ್ತು ಇಳಿಯುವಂತಿರಲಿಲ್ಲ. ಗಂಡನ ಸರದಿ ಮುಗಿದ ಮೇಲೆ ಅತ್ತೆಯ ಕಡೆ ತಿರುಗಿದಳು.

“ಮೋಟರ್ ಸುಮ್ನ ಸುಮ್ನ ಹೋಗಂಗಿಲ್ರಿ ಅತ್ತಿ. ತೆಂಗಿನಕಾಯಿ ನೀರಿನಾಗ ಉಪ್ಪಿನಂಶ ಇರ್ತೈತಿ. ಕರೆಂಟ್ ಹಾಯತೈತಿ. ಅಮಾಸಿಗೊಮ್ಮೆ ನೀವು ಬಾನೆಟ್ ಮ್ಯಾಲೆ ಹನಿಸಿದ್ದು ಸಂದ್ಯಾಗಿಂದ ಇಳಿದು ಶಾರ್ಟ್ ಆಗೇತಿ.”

ಶೇಖರಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ನನ್ನ ಕಾಯಿಂದ ಕೂಸು ಊರು ಬಿಟ್ಟಿತೇನು?”

“ನಾ ಹಂಗ ಅನ್ನಾಕತ್ತಿಲ್ರಿ. ವಿಜ್ಞಾನ ಹೇಳಾಕತ್ತೀನಿ.”

ಮುಂದಿನ ಅಮಾವಾಸ್ಯೆಗೆ ಶೇಖರಮ್ಮ ಕಾಯಿ ತರಿಸಲಿಲ್ಲ. ಕಾರಿನ ಕಡೆ ಹಾಯಲೂ ಇಲ್ಲ. ಸುನಿತಾ ಮಾತ್ರ, ಕಾರು ಬೇಗ ಗುಣವಾಗಲೆಂದು, ಆ ಸಲ ಮೂರು ಹೋಳಿಗೆ ಇಟ್ಟಳು.

ಎಂಟು ದಿನ ಹದಿನಾರಾದವು. ಕೊಪ್ಪಳಕ್ಕೆ ಫೋನ್ ಮಾಡಿದರೆ, “ಪಾರ್ಟ್ ಅಲ್ಲಿಂದ ಬಿಟ್ಟೈತಿ ಮೇಡಂ.” ಯಾವಾಗ ಬಿಟ್ಟಿದೆ ಎಂದು ಕೇಳಿದರೆ, “ಅದನ್ನ ಕಂಪ್ಯೂಟರ್ ತೋರಸವಲ್ದು.” ಸುನಿತಾ ಬಸ್ಸಿನಲ್ಲಿ ಓಡಾಡಿದಳು. ಒಂದು ಮಧ್ಯಾಹ್ನ ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದಾಗ ಹೊರಗೆ ಯಾರದೋ ಕೂಸು ಅತ್ತಿತು. ಅವಳ ರವಿಕೆ ತೊಯ್ಯಿತು. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಹಿಡಿದು ಪಾಠ ಮುಗಿಸಿದಳು. ಆಮೇಲೆ ಸಿಬ್ಬಂದಿ ಕೋಣೆಯ ಹಿಂದೆ ಹೋಗಿ ಹಾಲು ಹಿಂಡಿ ಮಣ್ಣಿಗೆ ಚೆಲ್ಲಿದಳು. ಅದೇ ಸಂಜೆ ಗಂಗಾವತಿಯಿಂದ ತಾಯಿ ಒಂದು ವಿಡಿಯೋ ಕಳಿಸಿದ್ದಳು. ಅಂಜಲಿ ಬಾಗಿಲು ಹಿಡಿದಿದ್ದ ಕೈ ಬಿಟ್ಟು ಮೂರು ಹೆಜ್ಜೆ ನಡೆದಿದ್ದಳು. ಸುನಿತಾ ಅದನ್ನು ಇಪ್ಪತ್ತು ಸಲ ನೋಡಿದಳು. ಇಪ್ಪತ್ತು ಸಲವೂ ಅಂಜಲಿ ಬೇರೆ ಯಾರ ಕಡೆಗೋ ನಡೆದಳು.

ಮರುದಿನ ಅವಳು ಸೀದಾ ಹೊಸಪೇಟೆ ರಸ್ತೆಯ ತಾಹೇರನ ಶೆಡ್ಡಿಗೆ ಹೋದಳು. ತಾಹೇರ ವಾಹನಗಳ ವೈರಿಂಗ್ ಕೆಲಸದವನು, ಮಾತು ಕಡಿಮೆ. ಮನೆಗೆ ಬಂದು ಬಾನೆಟ್ ಅರ್ಧ ಎತ್ತಿ, ಟಾರ್ಚು ಬಿಟ್ಟು, ತುಸು ಹೊತ್ತು ಇಣುಕಿ, ಮತ್ತೆ ಮುಚ್ಚಿದ.

“ಆಗ್ತೈತ್ರಿ ಅಕ್ಕಾರ. ಗಾಡಿ ಶೆಡ್ಡಿಗೆ ಒಯ್ತೀನಿ. ನಾಳೆ ಸಂಜಿಗೆ ಕೊಡ್ತೀನಿ.”

ಕೊಪ್ಪಳದಲ್ಲಿ ಪೆಟ್ಟು ತಿಂದ ಸುನಿತಾ ಈ ಸಲ ಹುಷಾರಾಗಿದ್ದಳು. ಹೋಗುವವನನ್ನು ತಡೆದು ಷರತ್ತು ಹಾಕಿದಳು.

“ಒಂದು ಮಾತು. ಒಳಗಿಂದ ತೆಗೆದದ್ದೆಲ್ಲಾ ವಾಪಸ್ ಬೇಕು. ಒಂದು ತುಣುಕು ಬಿಡಬಾರ್ದು. ತಂದು ನಮ್ಮ ಮನಿಯವ್ರ ಮುಂದ, ಅತ್ತಿ ಮುಂದ ಹರವಬೇಕು. ಯಾರ ತಪ್ಪು ಅನ್ನೂದು ಎಲ್ರಿಗೂ ಕಾಣ್ಲಿ.”

ತಾಹೇರ ಅವಳನ್ನು ವಿಚಿತ್ರವಾಗಿ ನೋಡಿದ. “ಎಲ್ಲಾ ಅಂದ್ರ ಎಲ್ಲಾನೂ ಏನ್ರಿ?”

“ಎಲ್ಲಾನೂ.”

“ನಾ ಏನರ ಅಲ್ಲೇ ಎಸದು ಬರಬಹುದಿತ್ತ್ರಿ ಅಕ್ಕಾರ.”

“ಎಸೀಬ್ಯಾಡ್ರಿ ಅಂದ್ನಲ್ಲ.”

ಒಳ್ಳೆಯ ಮನುಷ್ಯ ಎರಡು ಸಲ ತಪ್ಪಿಸಿಕೊಳ್ಳುವ ಬಾಗಿಲು ತೆರೆದು ತೋರಿಸಿದ. ಸುನಿತಾ ಎರಡು ಸಲವೂ ಕೈಯಾರೆ ಮುಚ್ಚಿದಳು.

ಮರುದಿನ ಸಂಜೆ ತಾಹೇರ ಒಂದೇ ಬೆರಳಿನಲ್ಲಿ ಸ್ಟೇರಿಂಗು ತಿರುಗಿಸುತ್ತ ಬಂದು ಮನೆಯ ಮುಂದೆ ಕಾರು ನಿಲ್ಲಿಸಿದ. ಹಳದಿ ದೀಪ ಆರಿತ್ತು. ಕಟ್ಟೆಯ ಮೇಲೆ ಸಿದ್ದೇಶ, ಶೇಖರಮ್ಮ ಕೂತಿದ್ದರು. ಸುನಿತಾ ತಾನೇ ಹಳೆಯ ಪೇಪರು ತಂದು ಹಾಸಿದಳು. ತಾಹೇರ ಒಂದು ಚೀಲ ತಂದು ಅದರ ಮೇಲೆ ಮೆಲ್ಲಗೆ ಸುರಿದ.

ಮೊದಲು ಬಿದ್ದದ್ದು ಗೇಣುದ್ದದ ದಪ್ಪ ವೈರು. ಅದರ ಪ್ಲಾಸ್ಟಿಕ್ಕನ್ನು ಯಾರೋ ಕೂತು ಸಾವಕಾಶ ಸುಲಿದಿದ್ದರು.

“ಸ್ಟೇರಿಂಗ್ ಮೋಟರಿಗೆ ಕರೆಂಟ್ ಹೋಗೂ ವೈರ್ ಇದು,” ಎಂದ ತಾಹೇರ. “ಮೋಟರ್ ಛಲೋ ಐತ್ರಿ. ಇಲಿ ಕಡದೈತಿ.”

ಆಮೇಲೆ ಬ್ಯಾಟರಿಯ ಹಿಂದಿನ ಸಂದಿನಲ್ಲಿ ಅಡಗಿದ್ದ ಗೂಡು ಬಿತ್ತು. ಬೋಗುಣಿಯಷ್ಟು ದೊಡ್ಡ ಗೂಡು. ಅದರಲ್ಲಿ ಹತ್ತಿ, ಇಲಿಯ ಹಿಕ್ಕೆ, ಒಣಗಿ ಹಪ್ಪಳವಾದ ಹೋಳಿಗೆಯ ಚೂರುಗಳು, ಬೆಲ್ಲದ ಕಲೆ. ಎಲ್ಲಕ್ಕೂ ಅಡಿಯಲ್ಲಿ ಮೆತ್ತಗೆ ಹಾಸಿಕೊಂಡಿದ್ದ ಕೆಂಪು ರೇಷ್ಮೆಯ ತುಂಡು, ಅದಕ್ಕೆ ಕಟ್ಟುವ ದಾರ, ದಾರದ ತುದಿಗೆ ಒಂದು ಹಸಿರು ಮಣಿ.

“ಹೋಳಿಗಿ ವಾಸನಿಗೆ ಬಂದಾವ್ರಿ,” ತಾಹೇರ ನೆಲ ನೋಡುತ್ತ ಹೇಳಿದ. “ಯಾರೋ ಒಳಗ ಇಟ್ಟಾರ. ತಿಂದು ಮುಗದಮ್ಯಾಲೆ ವೈರಿಗೆ ಬಾಯಿ ಹಾಕ್ಯಾವ. ಸಾವಿರದ ನೂರಾ ಐವತ್ತು ಆತ್ರಿ.”

ಸಿದ್ದೇಶ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಜೇಬಿನಿಂದ ಹಣ ತೆಗೆದು ಎಣಿಸಿ ಕೊಟ್ಟ. ಇಪ್ಪತ್ತು ಸಾವಿರದ ಓಲೆಯ ಮಾತನ್ನು ಅವನು ಆಗಲೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಸುನಿತಾಳಿಗೆ ಅದೇ ಭಾರವಾಯಿತು.

ಶೇಖರಮ್ಮ ಬಗ್ಗಿ ಕೆಂಪು ತುಂಡನ್ನು ಎತ್ತಿಕೊಂಡಳು. ಹಿಕ್ಕೆ ಝಾಡಿಸಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು. ತನ್ನ ಹೊಲಿಗೆ ತನಗೆ ಗೊತ್ತಾಗದೆ ಇರುತ್ತದೆಯೇ. ಆಮೇಲೆ ಸೊಸೆಯನ್ನು ಕೇಳಿದಳು.

“ಇದರಾಗ ತೆಂಗಿನಕಾಯಿ ನೀರು ಎಲ್ಲಿ ಐತವಾ? ಒಂದೀಟು ಹುಡಿಕಿ ಕೊಡು.”

ಸುನಿತಾ ಪೇಪರಿನ ಮೇಲಿನ ಗೂಡನ್ನೇ ನೋಡುತ್ತ ನಿಂತಳು. ತಾನು ಕೂಸನ್ನು ಕಾಯಲು ಇಟ್ಟದ್ದೇ ಕೂಸಿನ ಹಣೆಗೆ ಬಡಿದಿತ್ತು. ಅಳು ಬಂತು, ಆದರೆ ತಾಹೇರ ಇನ್ನೂ ಹೋಗಿರಲಿಲ್ಲ.

ಆದಿತ್ಯವಾರ ಮೂವರೂ ಗಂಗಾವತಿಗೆ ಹೋದರು. ಅಂಜಲಿ ತಾಯಿಯನ್ನು ನೋಡಿ ಯಾರೋ ಬಂದರೆನ್ನುವಂತೆ ಗಂಗಾವತಿಯ ಅಜ್ಜಿಯ ಹೆಗಲಿಗೆ ಮುಖ ಹುದುಗಿಸಿದಳು. ಎತ್ತಿಕೊಂಡರೆ ಕಿರುಚಿದಳು. ಹಾಲು ಕೊಡಹೋದರೆ ಮೋರೆ ತಿರುಗಿಸಿದಳು. ಶೇಖರಮ್ಮನ ಹತ್ತಿರ ಮಾತ್ರ ಹೇಗೋ ಹೋದಳು. ವಾಪಸಿನ ದಾರಿಯುದ್ದಕ್ಕೂ ಸ್ಟೇರಿಂಗು ಹೂವಿನಷ್ಟು ಹಗುರ. ಸುನಿತಾಳಿಗೆ ಕನ್ನಡಿಯಲ್ಲಿ ಮಗಳ ಹಿಂದಲೆ ಮಾತ್ರ ಕಾಣುತ್ತಿತ್ತು.

ಕನಕಗಿರಿಯ ಪೇಟೆಗೆ ಬಂದಾಗ ಶೇಖರಮ್ಮ, “ಇಲ್ಲಿ ನಿಲ್ಲಸು,” ಎಂದಳು. ಮಗನನ್ನು ಕಳಿಸಿ ಒಂದು ತೆಂಗಿನಕಾಯಿ ತರಿಸಿದಳು. ಕೂಸನ್ನು ಅವನ ಕೈಗೆ ಕೊಟ್ಟು ಇಳಿದು, ಕಾಯಿಯನ್ನು ಸೊಸೆಯ ಕೈಗೆ ಇಟ್ಟಳು.

“ಈ ಸಲ ನೀನೇ ಒಡಿ.”

“ಅತ್ತಿ, ಇಲ್ಲಿ? ಮಂದಿ ಅದಾರ್ರಿ.”

“ಬಾನೆಟ್ ಒಳಗಾದ್ರ ಮಂದಿ ಇರಂಗಿಲ್ಲ, ಖರೆ.”

ಸುನಿತಾ ಕಾರಿನ ಮುಂದೆ ಬಗ್ಗಿದಳು. ಅಷ್ಟರಲ್ಲಿ ಉಳ್ಳಾಗಡ್ಡಿ ಚೀಲ ಹಿಡಿದ ಹುಡುಗಿಯೊಬ್ಬಳು ನಿಂತು, “ನಮಸ್ಕಾರ್ರಿ ಟೀಚರ್,” ಎಂದಳು. ಹೋದ ವರ್ಷ ಹತ್ತನೆಯದು ಪಾಸಾಗಿ ಹೋದ ರೂಪಾ. ಮೂಢನಂಬಿಕೆ ಎಂಬ ವಿಷಯದ ಭಾಷಣ ಸ್ಪರ್ಧೆಗೆ ಸುನಿತಾಳೇ ತಯಾರು ಮಾಡಿ ಬಹುಮಾನ ಕೊಡಿಸಿದ್ದ ರೂಪಾ.

“ನಮಸ್ಕಾರ,” ಎಂದಳು ಸುನಿತಾ, ಕಾಯಿ ಎತ್ತಿದ ಕೈಯಲ್ಲೇ.

“ತಡಿ,” ಎಂದಳು ಶೇಖರಮ್ಮ. ಕಾರಿನೊಳಗಿಂದ ಟವೆಲ್ಲು ತೆಗೆದು, ನಾಲ್ಕು ಮಡಿಕೆ ಮಾಡಿ, ಬಾನೆಟ್ಟಿನ ಸಂದಿನ ಮೇಲೆ ಕೂಸಿಗೆ ಹೊದಿಸಿದಂತೆ ಹೊದಿಸಿದಳು. ನಂತರ ರೂಪಾಳ ಕಡೆ ತಿರುಗಿ ಗಂಭೀರವಾಗಿ ವಿವರಿಸಿದಳು. “ಕಾಯಿ ನೀರು ಇಳಿದ್ರ ಶಾರ್ಟ್ ಆಗ್ತೈತಂತವಾ. ನಿಮ್ಮ ಟೀಚರ್ರೇ ಹೇಳ್ಯಾರ.”

ಸುನಿತಾ ಕಾಯಿ ಒಡೆದಳು. ಸಿದ್ದೇಶ ಹತ್ತಿರ ಬಂದು ಬಗ್ಗಿ ನೋಡಿ, ನೆಲದ ಮೇಲೆ ಹರಿದ ನೀರಿನತ್ತ ಬೆರಳು ತೋರಿಸಿ, “ಲೀಕ್,” ಎಂದ.

ಅವನ ಕೈಯಲ್ಲಿದ್ದ ಅಂಜಲಿ ಕೊಬ್ಬರಿ ನೋಡಿ ಎರಡೂ ಕೈ ಮುಂದೆ ಚಾಚಿದಳು. ಸುನಿತಾ ತೋಳು ಬಿಚ್ಚಿ ಮುಂದೆ ಬಂದಳು. ಅಂಜಲಿ ತಾಯಿಯ ಕೈಯಲ್ಲಿದ್ದ ಕೊಬ್ಬರಿಯ ಚೂರನ್ನು ಮಾತ್ರ ತೆಗೆದುಕೊಂಡು ಮತ್ತೆ ಅಪ್ಪನ ಹೆಗಲಿಗೆ ಒರಗಿದಳು. ಬಿಚ್ಚಿದ ತೋಳುಗಳನ್ನು ಎಲ್ಲಿಡಬೇಕೆಂದು ಸುನಿತಾಳಿಗೆ ತಿಳಿಯಲಿಲ್ಲ. ಅಂಜಲಿ ಇದ್ದ ಎರಡು ಹಲ್ಲಿನಿಂದ ಚೂರನ್ನು ಕೆರೆದಳು, ಚೀಪಿದಳು. ಹಣೆಯ ಊತ ಇಳಿದು ಹಳದಿ ಕಲೆಯಷ್ಟೇ ಉಳಿದಿತ್ತು. ಬಹಳ ಹೊತ್ತು ತಾಯಿಯನ್ನು ದಿಟ್ಟಿಸಿದಳು. ಆಮೇಲೆ, ಜೊಲ್ಲು ಸೋರುತ್ತಿದ್ದ ಆ ಚೂರನ್ನು ತಾಯಿಯ ಬಾಯಿಯ ಕಡೆಗೆ ಚಾಚಿದಳು.

ಸುನಿತಾ ಬಾಯಿ ತೆರೆಯುವುದನ್ನೇ ಮರೆತಳು.

“ತಿನ್ನವಾ,” ಎಂದಳು ಶೇಖರಮ್ಮ, ಟವೆಲ್ಲು ಮಡಚುತ್ತ. “ಇಲ್ಲಂದ್ರ ಅದೂ ಇಲಿಗೆ ಹೋಗ್ತೈತಿ.”