ಮಾವನವರ ಪಾಠ-ಪಂಚಾಂಗ

ನಮ್ಮ ಮಾವನವರ ಮನೆ ಬಾಗಿಲಿಗೆ ಸಾಕ್ಷಾತ್ ಯಮಧರ್ಮನೇ ಬಂದು ನಿಂತರೂ ಅವರು ಹೆದರುವವರಲ್ಲ. "ಬರ್ರಿ, ಕುಂಡ್ರಿ. ಮುಂಚೆ ತಿಳಿಸಿದ್ರೇನು? ಈ ತಿಂಗಳ ಯೋಜನಾದಾಗ ನಿಮ್ಮ ಹೆಸರೇ ಇಲ್ಲಲ್ರಿ!" ಎಂದು ಒಂದು ಕಪ್ ಚಹಾ ಕುಡಿಸಿ ಕೋಣನ ಸಮೇತ ವಾಪಸು ಕಳಿಸುತ್ತಾರೆ. ಯಮನೂ ತೆಪ್ಪಗೆ ಹೋಗಿಬಿಡುತ್ತಾನೆಂದು ನನಗೆ ಪೂರ್ಣ ನಂಬಿಕೆ. ಬೈಲಹೊಂಗಲದಲ್ಲಿ ಅವರ ಮಾತು ತೆಗೆದುಹಾಕಿದವರು ಯಾರಿದ್ದಾರೆ, ನಮ್ಮ ಅತ್ತೆಯೊಬ್ಬರನ್ನು ಬಿಟ್ಟು?

ಮಾವನವರದು ಪಂಚಾಂಗದ ಮನೆತನ. ಅವರ ತಂದೆ ಯುಗಾದಿಯ ದಿನ ಕಟ್ಟೆಯ ಮೇಲೆ ಕುಳಿತು ಪಂಚಾಂಗ ಓದಿದರೆ, ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಯವರಿಗೆ ಸುಖ ಎಷ್ಟು ಎಂದು ಕೇಳಲು ಇಡೀ ಓಣಿಯೇ ಸೇರುತ್ತಿತ್ತಂತೆ. ಮಗ ಪಂಚಾಂಗ ಬಿಟ್ಟು ಎಂ.ಎ. ಮಾಡಿ ರಾಮದುರ್ಗದ ಕಾಲೇಜೊಂದರಲ್ಲಿ ಇತಿಹಾಸದ ಮಾಸ್ತರರಾದರು. ಆದರೆ ರಕ್ತ ಎಲ್ಲಿ ಹೋದೀತು? ವರ್ಷದ ಮೊದಲ ತಾಸಿನಲ್ಲಿ ಪಾಠ ಇಲ್ಲ, ಪಂಚಾಂಗ ಶ್ರವಣ! ಯಾವ ವಾರ ಯಾವ ಪಾಠ, ಅದಕ್ಕೆ ಏನು ಓದಿಕೊಂಡು ಬರಬೇಕು, ಪರೀಕ್ಷೆ ಯಾವಾಗ, ಅದರಲ್ಲಿ ಏನೇನು ಕೇಳಲಾಗುವುದು ಎಂಬುದನ್ನೆಲ್ಲ ಅಚ್ಚು ಹಾಕಿಸಿ, ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟು, ರಾಗವಾಗಿ ಓದುತ್ತಿದ್ದರಂತೆ.

"ಮೊದಲನೇ ಘಟಕ: ಆದಾಯ ಹೆಚ್ಚು, ವ್ಯಯ ಕಡಿಮಿ. ಭಾಳ ಶುಭ. ಎರಡನೇ ಘಟಕಕ್ಕ ಸಾಡೇಸಾತಿ ಅದ, ಇಸವಿಗಳ ಕಾಟ. ದಿನಾ ಮುಂಜಾನೆ ಓದೂದೇ ಪರಿಹಾರ. ಮೂರನೇ ಘಟಕದಾಗ ಹಿಂದಿನ ಬೆಂಚಿನವರಿಗೆ ರಾಜಯೋಗ!"

ಕಟಕೋಳದ ಕಡೆಯಿಂದ ಬರುವ ಹುಡುಗರು ನಕ್ಕು ನಕ್ಕು ಸುಸ್ತಾಗುತ್ತಿದ್ದರಂತೆ. ನಕ್ಕರೂ ಹಾಳೆಯನ್ನು ಮಾತ್ರ ಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಈ ಹುಚ್ಚು ಇಳಿಯಬೇಕಿತ್ತು. ಇಳಿಯಲಿಲ್ಲ, ಮನೆಗೆ ಬಂತು! ನಾನು ನೇಸರಗಿಯಿಂದ ಸೊಸೆಯಾಗಿ ಬಂದ ಮರುದಿನ ಮುಂಜಾನೆ ಚಹಾದ ಜೊತೆಗೆ ಕೈಗೆ ಒಂದು ಹಾಳೆ ಕೊಟ್ಟರು. ಮೇಲೆ ದೊಡ್ಡ ಅಕ್ಷರಗಳಲ್ಲಿ "ಸೊಸೆತನ: ಪ್ರಥಮ ಸೆಮಿಸ್ಟರ್". ಘಟಕ ಒಂದು, ಅತ್ತೆಯ ಸ್ವಭಾವ ಪರಿಚಯ, ಅವಧಿ ಒಂದು ವಾರ. ಘಟಕ ಎರಡು, ಅಡುಗೆಮನೆಯ ಭೂಗೋಳ, ಉಪ್ಪಿನಕಾಯಿ ಭರಣಿಗೆ ವಿಶೇಷ ಗಮನ. ಪ್ರಾಯೋಗಿಕ: ಜೋಳದ ರೊಟ್ಟಿ, ಹರಿದರೂ ಅಂಕ ಉಂಟು. ಹೆಚ್ಚಿನ ಅಧ್ಯಯನಕ್ಕೆ: ಎದುರುಮನೆಯ ಅಜ್ಜಿ. ನಗಬೇಕೋ ನಮಸ್ಕಾರ ಮಾಡಬೇಕೋ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಬಂದು ಹಾಳೆ ಕಸಿದುಕೊಂಡು ಓದಿದರು.

"ನನ್ನ ಸ್ವಭಾವಕ್ಕ ಬರೇ ಒಂದು ವಾರ ಇಟ್ಟೀರಿ?"

"ಯಾಕ, ಸಾಕಾಗೂದಿಲ್ಲೇನು?"

"ನೀವು ನಲವತ್ತು ವರ್ಷದಿಂದ ಅದೇ ಘಟಕದಾಗ ನಪಾಸಾಗಿ ಕೂತೀರಿ. ಪಾಪ, ಆ ಹುಡುಗಿಗೆ ಒಂದು ವಾರದಾಗ ಮುಗಸು ಅಂದ್ರ ಹೆಂಗ?"

ನಗಬೇಡಿ. ಆ ಹಾಳೆಯಿಂದ ನನ್ನ ಅರ್ಧ ಹೆದರಿಕೆ ಹೋಯಿತು ಎಂದು ಆಣೆ ಮಾಡಿ ಹೇಳುತ್ತೇನೆ. ಮುಂದೆ ಏನು ಬರಲಿದೆ ಎಂದು ಗೊತ್ತಿದ್ದರೆ ಅತ್ತೆಯ ಮನೆಯೂ ಅಂಥ ಕಠಿಣ ವಿಷಯವೇನಲ್ಲ.

ನನ್ನದೂ ಇತಿಹಾಸವೇ. ಎಂ.ಎ. ಮುಗಿಸಿ, ಕಲಿಸಬೇಕೆಂಬ ಆಸೆಯನ್ನು ವರ್ಷಗಟ್ಟಲೆ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ ಮೇಲೆ, ಕಿತ್ತೂರಿನ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅತಿಥಿ ಎಂದರೆ ಗೊತ್ತಲ್ಲ? ಹೋಗು ಎನ್ನುವ ಮೊದಲೇ ಎದ್ದುಹೋಗಲು ತಯಾರಿರಬೇಕಾದವರು! ಪ್ರಾಂಶುಪಾಲರು ಮೊದಲ ದಿನವೇ ನಗುನಗುತ್ತ ಹೇಳಿಬಿಟ್ಟರು: "ಪೋರ್ಷನ್ ಮುಗೀಬೇಕ್ರಿ ಮೇಡಂ. ಮುಗೀಲಿಲ್ಲಂದ್ರ ಮುಂದಿನ ವರ್ಷ ಬ್ಯಾರೇದವರನ್ನ ನೋಡಬೇಕಾಕ್ಕೈತಿ."

ನಾನು ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ವಾರಗಳಿಗೆ ಸಮನಾಗಿ ಹಂಚಿ, ಶಾಭಾಸ್ ಎನ್ನುತ್ತಾರೆಂದು ಮಾವನವರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿದರು, ಇಳಿಸಿದರು.

"ಇದು ರೇಶನ್ ಅಂಗಡ್ಯಾಗ ಅಕ್ಕಿ ಹಂಚಿದಂಗ ಆತು."

"ಮತ್ತ ಹೆಂಗ ಮಾಡಬೇಕ್ರಿ ಮಾವಾರ?"

"ನೋಡವಾ, ಮಂದೀನ್ನ ಊಟಕ್ಕ ಕೂಡಿಸೀದಿ. ಏನೇನು ಮಾಡೀವಿ ಅಂತ ಹೇಳಲೇ ಇಲ್ಲ. ಅವರು ಚಿತ್ರಾನ್ನ, ಭಜಿ ತಿಂದು ಹೊಟ್ಟಿ ತುಂಬಿಸಿಕೊಂಡ್ರು. ಆಮ್ಯಾಲ ಹೋಳಿಗಿ ತಂದಿ. ಯಾರು ತಿನ್ನಬೇಕು? ಹೋಳಿಗಿ ಬರೂದದ ಅಂತ ಮೊದಲೇ ಹೇಳಿದ್ರ ಹೊಟ್ಟ್ಯಾಗ ಜಾಗಾ ಇಟ್ಟುಕೊಂಡು ಕೂಡತಾರ. ಬಡಸೋರಿಗೂ ತುಪ್ಪ ಯಾವಾಗ ಬೆಚ್ಚಗ ಮಾಡಬೇಕು ಅನ್ನೂದು ತಿಳೀತದ."

ಒಳಗಿನಿಂದ ಅತ್ತೆಯ ದನಿ ಬಂತು: "ಹೋಳಿಗಿ ಸುದ್ದಿ ಈಗ್ಯಾಕ? ಸಕ್ರಿ ಬ್ಯಾನಿ ಅದ, ನೆನಪಿರಲಿ!"

ನನ್ನ ನಿಜವಾದ ಪಾಠ ಆ ಸಂಜೆ ಸುರುವಾಯಿತು. ಯಾವ ಹಳ್ಳಿಯ ಬಸ್ಸು ತಡ? ಹಾಗಾದರೆ ತಾಸಿನ ಆರಂಭದಲ್ಲಿ ಹೊಸದನ್ನು ಹೇಳಬೇಡ, ನಿನ್ನೆಯದನ್ನೇ ಕೇಳು. ಸೋಯಾಬೀನ್ ಕೊಯ್ಲಿನಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತದೆ, ಆಗ ತಾವಾಗಿಯೇ ಓದಿಕೊಳ್ಳಬಹುದಾದ ಹಗುರ ಪಾಠ ಇಡು. ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಹೊರಟವರನ್ನು ನೀನು ತಡೆಯಬಲ್ಲೆಯಾ? ಎಲ್ಲಮ್ಮನ ಎದುರು ಮೌರ್ಯರು ಗೆದ್ದದ್ದುಂಟೇ? ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮಾವಾಸ್ಯೆಯ ದಿನ ಪಾಠ ಇಟ್ಟರೆ ಗೋಡೆಗೆ ಕಲಿಸಬೇಕಾದೀತು! ಏನು ಕಲಿಸಬೇಕು ಎಂದು ವಿಶ್ವವಿದ್ಯಾಲಯ ಹೇಳಿತ್ತು. ಯಾರಿಗೆ ಕಲಿಸುತ್ತೇನೆ ಎಂಬುದನ್ನು ನಾನೇ ಸೇರಿಸಬೇಕಿತ್ತು. ಕೊನೆಯ ಪಾಠ ಹನ್ನೆರಡನೇ ಶತಮಾನದ ಕದಂಬರ ಗುಡಿಗಳು. ಅದನ್ನು ಪಕ್ಕದ ದೇಗಾಂವದ ಕಮಲ ನಾರಾಯಣ ಗುಡಿಯಲ್ಲೇ ಮಾಡುವುದೆಂದು ನಾನೇ ಬರೆದೆ. ಮಾವನವರು ಮೊದಲ ಸಲ ತಲೆಯಾಡಿಸಿದರು.

ಹಾಳೆಯ ಮಹಿಮೆ ನನಗೆ ತಿಳಿದದ್ದು ದೇಗಾಂವದ ಒಬ್ಬ ಹುಡುಗಿಯಿಂದ. ಕೊಯ್ಲಿಗೆಂದು ಹೋದವಳು ಬಹಳ ದಿನ ಬಿಟ್ಟು ತರಗತಿಗೆ ಬಂದಳು. ಇವಳ ಕಥೆ ಮುಗಿಯಿತು ಎಂದುಕೊಂಡು ಕೇಳಿದೆ, "ಎಲ್ಲೀತನಕ ಆಗೇತಿ ಗೊತ್ತೇನು?"

"ಹಾಳ್ಯಾಗ ಐತೆಲ್ರಿ ಮೇಡಂ. ಗುಪ್ತರ ತನಕ ಓದೇನ್ರಿ. ಕಣದಾಗ ರಾಶಿ ಬಾಜೂಕ ಕುಂತು ಓದಿದ್ದಕ್ಕ ಸಮುದ್ರಗುಪ್ತನ ಮೈತುಂಬ ಹೊಟ್ಟ ಆಗೇತ್ರಿ!"

ಪುಸ್ತಕ ಜಾಡಿಸಿ ತೋರಿಸಿದಳು. ನಿಜಕ್ಕೂ ಹೊಟ್ಟು ಉದುರಿತು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು ಸ್ವಲ್ಪ ಸರಿದು ಕುಳಿತಳು.

ಇಷ್ಟೆಲ್ಲ ಸರಿಯಿದ್ದಾಗಲೇ ಸೆಮಿಸ್ಟರಿನ ನಟ್ಟನಡುವೆ ನನ್ನ ಬಾಣಂತನ ಬಂದು ಬಿತ್ತು. ಅತಿಥಿಗೆ ರಜೆ ಎಲ್ಲಿಂದ ಬರಬೇಕು? ಪೋರ್ಷನ್ ನಿಂತರೆ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಹೊಟ್ಟು ಜಾಡಿಸಿಕೊಂಡು ಬಂದ ಆ ಹುಡುಗಿಯಂಥ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟ ಹಾಗಾಗುತ್ತದಲ್ಲ ಎಂದು ನನಗೆ ಸಂಕಟ. ತವರಿನಲ್ಲಿ ಅವ್ವ ಇಲ್ಲ, ಯಜಮಾನರು ನೌಕರಿಗೆಂದು ದೂರದ ಊರಿನಲ್ಲಿ, ಹೇಳಿಕೊಳ್ಳಲು ಇದ್ದವರು ಅತ್ತೆ-ಮಾವ ಇಬ್ಬರೇ. ಮಾವನವರು ಕೋಟು ಹಾಕಿಕೊಂಡು ಕಿತ್ತೂರಿನ ಬಸ್ಸು ಹತ್ತಿದರು.

"ಸಂಬಳ ಬ್ಯಾಡ. ಸೊಸಿ ಹೆಸರೇ ಇರಲಿ. ಆಕಿ ಬರೂತನಕ ಆಕಿ ಹಾಳಿ ಪ್ರಕಾರ ನಾ ಕಲಿಸ್ತೇನಿ" ಎಂದು ಪ್ರಾಂಶುಪಾಲರ ಎದುರು ಕುಳಿತರಂತೆ. ಪ್ರಾಂಶುಪಾಲರು ಒಪ್ಪದೆ ಏನು ಮಾಡಿಯಾರು? ಅವರೂ ಒಂದು ಕಾಲಕ್ಕೆ ರಾಮದುರ್ಗದಲ್ಲಿ ಮಾವನವರ ಎದುರು ಬೆಂಚಿನ ಮೇಲೆ ಕುಳಿತು ಪಂಚಾಂಗ ಶ್ರವಣ ಮಾಡಿದವರೇ!

ಮಗಳು ಡಾಕ್ಟರು ಹೇಳಿದ ದಿನಕ್ಕಿಂತ ಒಂದು ವಾರ ಮೊದಲೇ ಹುಟ್ಟಿದಳು. ಮಾವನವರ ಯೋಜನೆ ಮುರಿದೂ ಬೈಗುಳ ತಿನ್ನದ ಜೀವ ಅದೊಂದೇ. ದಿನಾ ಸಂಜೆ ಅವರು ಬಾಣಂತಿ ಕೋಣೆಯ ಪರದೆಯಾಚೆ ನಿಂತು ವರದಿ ಒಪ್ಪಿಸುತ್ತಿದ್ದರು.

"ಇವತ್ತ ಚಾಲುಕ್ಯರು ಮುಗದ್ರು. ನಾಳೆ ಅರ್ಧ ತಾಸು ಹೆಚ್ಚಿಗಿ ತಗೊಳ್ಳಲೇನವಾ? ಹಾಳಿ ನಿಂದು, ಅಪ್ಪಣಿ ನಿಂದು."

ಅತ್ತೆಗೆ ತಡೆಯಲಾಗಲಿಲ್ಲ. "ಮೂಲಂಗಿ ತರೂದಕ್ಕ ನನ್ನ ಅಪ್ಪಣಿ ಎಂದರ ಕೇಳೀರೇನು?" ಎಂದು ತೊಟ್ಟಿಲು ತೂಗುತ್ತಲೇ ಗುಡುಗಿದರು.

ಹೀಗೆ ಒಂದೂ ತಪ್ಪದೆ ಪಾಠಗಳೆಲ್ಲ ಮುಗಿದು ಕೊನೆಯದೊಂದು ಉಳಿಯಿತು. ಮಾವನವರು ಪರದೆಯಾಚೆಯಿಂದ ಹೇಳಿದರು, "ಅದನ್ನ ನಾ ಕಲಿಸೂದಿಲ್ಲ. ಅದು ನಿಂದು."

ಅತ್ತೆ ಎದ್ದು ನಿಂತರು. "ಬಾಣಂತಿ ಕಾಲೇಜಿಗೆ ಹೋಗೂದಂದ್ರೇನು? ಇನ್ನೂ ಹೊಸ್ತಿಲಾ ದಾಟಿಲ್ಲ ಆಕಿ!"

"ಬಾಣಂತಿ ಮೊದಲ ಹೊಸ್ತಿಲಾ ದಾಟಿ ಹೋಗೂದು ಎಲ್ಲಿಗೆ?"

"ದೇವರ ಗುಡೀಗೆ."

"ಮತ್ತ ದೇಗಾಂವದಾಗ ಇರೂದೇನು, ಸಿನೆಮಾ ಟಾಕೀಜೇನು?"

ಗುಡಿ ಎಂದ ಮೇಲೆ ಅತ್ತೆಯೇ ಮುಂದಾಗಿ ತಯಾರಿಗೆ ನಿಂತರು. ನನಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಮಗುವನ್ನು ತಾವೇ ಎತ್ತಿಕೊಂಡು ಬಾಡಿಗೆ ಕಾರು ಹತ್ತಿದರು.

ದೇವರಿಗೆ ಕೈಮುಗಿದು ಮಂಟಪಕ್ಕೆ ಬಂದರೆ ಮಕ್ಕಳು ಸಾಲಾಗಿ ಕುಳಿತಿದ್ದರು. ಅತ್ತೆ ಮಗುವಿನೊಂದಿಗೆ ಒಂದು ಕಂಬಕ್ಕೆ ಒರಗಿದರು. ನಾನು ಹಾಜರಿ ಕರೆದು ಪುಸ್ತಕ ಮುಚ್ಚಿದೆ. ಹಿಂದಿನ ಸಾಲಿನಿಂದ ದನಿಯೊಂದು ಬಂತು: "ನನ್ನ ಹೆಸರು ಕರೀಲೇ ಇಲ್ಲಲ್ರಿ?"

ನೋಡಿದರೆ, ಹುಡುಗರ ನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಮಾವನವರು!

ನಮ್ಮಲ್ಲಿ ಸೊಸೆ ಮಾವನ ಹೆಸರು ಬಾಯಲ್ಲಿ ತರುವುದಿಲ್ಲ. ಬ್ಯಾಂಕಿನವರು ಕೇಳಿದರೂ ನಾನು ಬರೆದು ತೋರಿಸುವವಳು. ಏನು ಮಾಡಲಿ ಎಂದು ಅತ್ತೆಯ ಮುಖ ನೋಡಿದೆ.

"ಕರೀವಾ," ಎಂದರು ಅತ್ತೆ. "ಇಲ್ಲೆ ನೀ ಸೊಸಿ ಅಲ್ಲ."

ಕರೆದೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಸಮೇತ, ಗರ್ಭಗುಡಿಗೂ ಕೇಳಿಸುವ ಹಾಗೆ ಕರೆದೆ. ಏನೆಂದು ಕರೆದೆ ಎನ್ನುತ್ತೀರಾ? ಅದನ್ನು ಇಲ್ಲಿ ಬರೆಯಲಾರೆ, ನಿಮ್ಮೆದುರು ನಾನು ಮತ್ತೆ ಸೊಸೆಯೇ. ಮಾವನವರು ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದರು. ನೆಟ್ಟಗೆ ನಿಂತು ಕೈ ಕಟ್ಟಿದರು.

"ಹಾಜರ್ ಇದ್ದೇನ್ರಿ, ಮೇಡಂ."

ಎದುರಿಗೆ ಕುಳಿತ ಮಕ್ಕಳೆಲ್ಲ ಮಸುಕಾದರು. ಆದರೂ ಮೇಡಂ ಆದವಳು ಹೇಳಬೇಕಾದ ಮಾತೊಂದು ಇರುತ್ತದಲ್ಲ?

"ಕುಂಡ್ರಿ," ಎಂದೆ.

ಮಾವನವರು ಕುಳಿತರು.