ಬೆಳ್ಳುಳ್ಳಿ ಕುಟ್ಟಿದ ಕೊಡಲಿ

ನನಗೆ ಕಲ್ಲಿನ ಮೇಲೆ ಭಕ್ತಿ ಕಡಿಮೆ. ನಮ್ಮ ಹುನಗುಂದದ ಕಡೆ ಅಂಥ ಭಕ್ತಿ ಇಟ್ಟುಕೊಂಡರೆ ನಡೆಯಲೂ ಆಗದು, ಕಾಲಿಟ್ಟಲ್ಲೆಲ್ಲ ಕಲ್ಲೇ. ಹೀಗಾಗಿ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಯುವಾಗ ಕರಿ ಕಲ್ಲೊಂದು ಸಿಕ್ಕರೂ ಕೈ ಮುಗಿಯಲಿಲ್ಲ. ಎಮ್ಮೆಯ ನಾಲಿಗೆಯಂಥ ಆಕಾರ, ಗಾಜಿನಂಥ ನುಣುಪು, ಒಂದು ತುದಿ ತೆಳ್ಳಗೆ. "ಸಿಡಿಲ ಕಲ್ಲು ಅದು, ಯವ್ವಾ! ದನದ ಮನ್ಯಾಗ ಇಡು, ದನಕ್ಕ ಸಿಡಿಲು ಬಡಿಯೂದಿಲ್ಲ" ಎಂದಳು ಪಕ್ಕದ ಸಾಲಿನ ಗಂಗವ್ವ. "ಬಿದ್ದ ಸಿಡಿಲು ಸುಮ್ನ ಯಾಕ ಕೂಡಬೇಕು, ಬೆಳ್ಳುಳ್ಳಿ ಕುಟ್ಟಲಿ" ಎಂದು ಮನೆಗೆ ತಂದೆ. ಹತ್ತು ವರ್ಷ ಕುಟ್ಟಿದೆ.

ಮೊನ್ನೆ ಕೂಡಲಸಂಗಮಕ್ಕೆ ಹೋಗಿ ಬರುವಷ್ಟರಲ್ಲಿ ಕಲ್ಲು ದೇವರ ಜಗಲಿಯ ಮೇಲೆ, ಬೀರಪ್ಪನ ಪಕ್ಕದಲ್ಲಿ, ಮೈತುಂಬ ಭಂಡಾರದ ಅರಿಸಿನ ಬಳಿದುಕೊಂಡು ಕೂತಿತ್ತು. ಸೊಸೆ ರೇಣವ್ವನ ಕೆಲಸ.

"ಅತ್ತಿ, ಅದು ದೇವ್ರು. ಮುಟ್ಟಬ್ಯಾಡ್ರಿ."

"ದೇವ್ರಾದ್ರೇನು, ಹತ್ತು ವರ್ಷ ನನ್ನ ಕೈಯಾಗ ದುಡದಾನ. ಆ ಚಟ್ನಿ ನೀ ನೆಕ್ಕಿಲ್ಲೇನು?"

ಜಗಳ ಓಣಿಗೆ ಬಿತ್ತು. ಎದುರು ಮನೆಯ ದಸ್ತಗೀರ ಮಾಸ್ತರರು ಬಿಡಿಸಲು ಬಂದವರು ಕಲ್ಲನ್ನು ತೊಳೆದು ನೋಡಿ ನೆಲದ ಮೇಲೆಯೇ ಕೂತುಬಿಟ್ಟರು. "ಆಯಿ, ಇದು ಕೊಡ್ಲಿ. ಕಬ್ಬಿಣ ಅನ್ನೂದು ಹುಟ್ಟೂಕಿಂತ ಮೊದಲಿಂದು. ಕಲ್ಲಿಗೆ ಕಲ್ಲು ತಿಕ್ಕಿ ಮಾಡ್ಯಾರ."

ನಾನು ನಂಬಲಿಲ್ಲ. ನಮ್ಮಿಬ್ಬರನ್ನೂ ಹಳ್ಳದ ದಂಡೆಯ ಬಂಡೆಗೆ ಕರೆದೊಯ್ದರು. ಅದರ ಮೇಲೆ ಉದ್ದುದ್ದ ತಗ್ಗುಗಳಿವೆ. ನೀರು ಹರಿದು ಸವೆದದ್ದೆಂದು ತಿಳಿದಿದ್ದೆವು. ಮಾಸ್ತರರು ಕಲ್ಲನ್ನು ಒಂದು ತಗ್ಗಿನಲ್ಲಿಟ್ಟರು. ನಡುವೆ ಕೂದಲು ತೂರುವಷ್ಟೂ ಸಂದು ಉಳಿಯಲಿಲ್ಲ.

"ಎಷ್ಟ್ ದಿನ ತಿಕ್ಕಿರಬೇಕ್ರಿ?"

"ಯಾರು ಕಂಡಾರ, ಆಯಿ?"

ನಾನು ಆ ತಗ್ಗಿನ ಪಕ್ಕ ಕಾದ ಬಂಡೆಯ ಮೇಲೆ ಕುಕ್ಕರಿಸಿದೆ. ಸೊಸೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಒಂದು ಅಂಚಿಗಾಗಿ ಇಲ್ಲಿ ಬಿಸಿಲಲ್ಲಿ ಕೂತ ಕೈ ಯಾರದೋ! ನಾನು ಕುಡುಗೋಲನ್ನು ಮೂರು ಸಲ ಮಸೆದು ಸಾಕೆನ್ನುವವಳು. ಕಲ್ಲನ್ನು ಹಿಡಿದೆ. ನನ್ನ ಹೆಬ್ಬೆರಳು ಕೂತಲ್ಲೇ ಆ ಹೆಬ್ಬೆರಳೂ ಕೂತಿರಬೇಕು.

ವಸ್ತು ಸಂಗ್ರಹಾಲಯಕ್ಕೆ ಕೊಡೋಣವೆಂದರು ಮಾಸ್ತರರು. ಬಿಡಲು ಮನಸ್ಸಿರಲಿಲ್ಲ, ನನ್ನ ಸಂಸಾರದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ. ಆದರೆ ಇನ್ನು ಅದರಿಂದ ಕುಟ್ಟಲು ಕೈ ಏಳದು. ಕೊಟ್ಟೆ.

ಮಾಸ್ತರರು ಅಲ್ಲೇ ಕೂತು ಅದರ ವಿವರ ಬರೆದುಕೊಳ್ಳುತ್ತ, ಅಂಚಿನಲ್ಲಿ ಚಕ್ಕೆ ಎದ್ದಿದ್ದ ಜಾಗವನ್ನು ಸವರಿ ಕಣ್ಣು ಮುಚ್ಚಿದರು. "ಯಾವ ಅಡವಿ ಮರಕ್ಕ ಬಿದ್ದ ಏಟೋ, ಆಯಿ!"

ರೇಣವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಮರ ಅಲ್ರಿ ಮಾಸ್ತರ. ಹ್ವಾದ ಪಂಚಮಿಗೆ ಉಂಡಿ ಕಟ್ಟಾಕ ಬೆಲ್ಲ ಒಡೀತಿದ್ದೆ. ಏಟು ತಪ್ಪಿ ಒಳಕಲ್ಲಿಗೆ ಬಡೀತು. ಖರೆ ಬರ್ಕೋರಿ" ಎಂದೆ.

ಬರೆದುಕೊಂಡರು. ಅಷ್ಟು ಕಾಲ ಮಣ್ಣಿನಲ್ಲಿ ಮುಕ್ಕಾಗದೆ ಉಳಿದದ್ದರ ಮೇಲೆ ನನ್ನ ಕೈಯ ಗುರುತು ಅದೊಂದೇ.