ಹೊಗೆ ಎಲ್ಲಿ ಹೋಗ್ತದೆ?

ಹೊಸ ಮನೆ ಕಟ್ಟಿದವರು ನನ್ನನ್ನು ಕರೆಯಲು ಈಚೆಗೆ ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ. ನಾನು ಊಟದಲ್ಲಿ ತಕರಾರು ತೆಗೆಯುವವನಲ್ಲ, ಬರಿಗೈಯಲ್ಲಿ ಹೋಗುವವನೂ ಅಲ್ಲ. ನನ್ನ ಕಾಯಿಲೆಯೇ ಬೇರೆ. ಉಳಿದವರೆಲ್ಲ ದೇವರ ಕೋಣೆಯನ್ನೋ ನೆಲದ ನುಣುಪನ್ನೋ ನೋಡಿ ಹೊಗಳುತ್ತಿರುವಾಗ ನಾನು ಹಿತ್ತಲಿಗೆ ಹೋಗಿ, ಕತ್ತೆತ್ತಿ, ಗೋಡೆಯ ತೂತುಗಳನ್ನು ನೋಡುತ್ತಾ ನಿಂತಿರುತ್ತೇನೆ. ಆಮೇಲೆ ಒಳಗೆ ಬಂದು ಮನೆಯ ಯಜಮಾನನನ್ನು ಕೇಳುತ್ತೇನೆ: "ಎಲ್ಲ ಚೆನ್ನಾಗಿದೆ. ಆದ್ರೆ ಹೊಗೆ ಎಲ್ಲಿ ಹೋಗ್ತದೆ?" ಮನೆ ಮನೆಗೂ ಗ್ಯಾಸ್ ಒಲೆ ಬಂದ ಮೇಲೆ ಹೀಗೆ ಕೇಳುವ ಮುದುಕನನ್ನು ಜನ ಯಾವ ದೃಷ್ಟಿಯಿಂದ ನೋಡುತ್ತಾರೆಂದು ನನಗೂ ಗೊತ್ತು. ಆದರೂ ಬಾಯಿ ಸುಮ್ಮನಿರುವುದಿಲ್ಲ.

ಮೊನ್ನೆ ತೀರ್ಥಹಳ್ಳಿಯಲ್ಲಿ ಮಾತ್ರ ಈ ಪ್ರಶ್ನೆಗೆ ಬೆಲೆ ಬಂತು. ನನ್ನ ಹೆಂಡತಿ ಲಲಿತಳ ಅಣ್ಣನ ಮಗ ಸುರೇಶ ಹೊಸ ಮನೆಗೆ ಹೋಗಿ ಒಂದು ಮಳೆಗಾಲ ಕಳೆದಿದ್ದ. ಬಟ್ಟೆ ಒಣಗಿಸುವ ಮೆಷಿನ್ ತಂದಿದ್ದ. ಅದರ ಬೆನ್ನಿನಿಂದ ಒಂದು ದಪ್ಪ ಕೊಳವೆ ಹೊರಟು ಗೋಡೆ ತೂರಿ ಹಿತ್ತಲಿಗೆ ಹೋಗಿತ್ತು. "ಮಾವ, ಮಳೆಗಾಲದ ತಲೆಬಿಸಿ ಮುಗೀತು ನೋಡಿ. ಈಗೀಗ ಒಣಗೋದು ಸ್ವಲ್ಪ ನಿಧಾನ, ಅಷ್ಟೆ" ಎಂದ.

"ಈ ಕೊಳವೆ ಯಾವಾಗ ಕ್ಲೀನ್ ಮಾಡಿದ್ದಿ?"

"ಅದನ್ನೆಂತಕ್ಕೆ ಮಾಡೋದು ಮಾವ? ಅದ್ರಲ್ಲಿ ಬರೀ ಗಾಳಿ ಹೋಗೋದು."

ಬರೀ ಗಾಳಿಯಂತೆ! ಮೆಷಿನ್ ಆರಿಸಿ, ಪ್ಲಗ್ ಕೀಳಿಸಿ, ಹಿತ್ತಲಿಗೆ ಹೋಗಿ ಕೊಳವೆಯ ಬಾಯಿಗೆ ಕೈ ಹಾಕಿದೆ. ಬಟ್ಟೆಯಿಂದ ಉದುರಿದ ನೂಲಿನ ಜುಂಗು ಹಾಸಿಗೆಯ ಹತ್ತಿಯ ಹಾಗೆ ಉಂಡೆ ಉಂಡೆಯಾಗಿ ಬಂತು. "ಬಿಸಿಗಾಳಿಗೆ ಹೊರಗೆ ದಾರಿ ಇಲ್ಲ, ಒಳಗೆ ಇಷ್ಟು ಒಣ ಜುಂಗು. ಇದಕ್ಕೆ ಬೆಂಕಿ ಹತ್ತೋಕೆ ಎಷ್ಟು ಹೊತ್ತು ಬೇಕು ಮಾರಾಯ?" ಎಂದೆ. ಸುರೇಶನ ಮುಖ ಸಣ್ಣಗಾಯಿತು. ಬಾಗಿಲಲ್ಲಿ ನಿಂತಿದ್ದ ಲಲಿತ, "ತಗೋ, ಇನ್ನು ಸಾಗರದ ಬಚ್ಚಲಮನೆ ಕತೆ ಶುರು" ಎಂದಳು. ಅವಳ ಊಹೆ ಸುಳ್ಳಾಗಲಿಲ್ಲ.

ಅರವತ್ತರ ದಶಕದಲ್ಲಿ ನಾನು ಸಾಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಬ್ಯಾಕೋಡಿನ ಹತ್ತಿರವಿದ್ದ ನಮ್ಮ ಹಳೆ ಮನೆ ಅಣೆಕಟ್ಟಿನ ನೀರಿನ ಪಾಲಾಗುವುದು ಖಚಿತವಾದಾಗ ಅಮ್ಮ ಅತ್ತು ಕೂರಲಿಲ್ಲ. ಆಳುಗಳನ್ನು ನಿಲ್ಲಿಸಿಕೊಂಡು ಮನೆ ಬಿಚ್ಚಿಸಿದಳು. ತೊಲೆ, ಬಾಗಿಲು, ಹೆಂಚು ಎಲ್ಲ ಗಾಡಿ ಹತ್ತಿ ಸಾಗರಕ್ಕೆ ಬಂದವು. ಆ ಮರವನ್ನೇ ಹಾಕಿ ಪೇಟೆಯ ಅಂಚಿನಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆ. ಸಾಲದೆ ಬಂದ ಕಡೆ ಹೊಸ ತೊಲೆ ಸೇರಿಸಿದೆ. ಹಳೆ ತೊಲೆಗಳು ತಲೆಮಾರುಗಳ ಹೊಗೆ ಕುಡಿದು ಕಪ್ಪಗೆ ಮಿರುಗುತ್ತಿದ್ದವು, ಹೊಸವು ಅವುಗಳ ನಡುವೆ ನಾಚಿಕೊಂಡು ನಿಂತಿದ್ದವು.

ನನಗೆ ಆಗ ಹೊಸ ಕಾಲದ ಹುಚ್ಚು. ಹಳೆ ಮನೆಯಲ್ಲಿ ಹೊಗೆ ಮನೆಯೆಲ್ಲ ತಿರುಗಾಡಿ, ಎಲ್ಲರ ಕಣ್ಣಲ್ಲೂ ನೀರು ತರಿಸಿ, ಕೊನೆಗೆ ಹೆಂಚಿನ ಸಂದಿಯಿಂದ ಹೋಗುತ್ತಿತ್ತು. ಹೊಸ ಮನೆಯ ಬಚ್ಚಲಿಗೆ ಹಲಗೆಯ ಮುಚ್ಚಿಗೆ ಹಾಕಿಸಿ, ಒಲೆಯ ಮೇಲೆ ಒಂದೇ ಒಂದು ಹೊಗೆಗೂಡು ಇಡಿಸಿದೆ. ಬಂದವರಿಗೆಲ್ಲ ಮೊದಲು ಬಚ್ಚಲು ತೋರಿಸುತ್ತಿದ್ದೆ. ಅಮ್ಮ ಅದನ್ನು ನೋಡಿ, "ಹೊಗೆ ಕುಡೀದೆ ಇರೋ ತೊಲೆಗೆ ಹುಳ ಬೀಳ್ತದೆ ತಮ್ಮಾ. ಮನೆ ಅಂದ್ಮೇಲೆ ಹೊಗೆ ತಾಗ್ಬೇಕು" ಎಂದಳು. ನಾನು ನಕ್ಕುಬಿಟ್ಟೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಲಲಿತ ಎಳೆಗೂಸು ಮಗಳನ್ನು ಎತ್ತಿಕೊಂಡು ತೀರ್ಥಹಳ್ಳಿಯ ತವರಿನಿಂದ ಬಂದಳು. ಅಷ್ಟು ಚಿಕ್ಕ ಹುಡುಗಿ ಅಷ್ಟೊಂದು ಬಟ್ಟೆ ಒದ್ದೆ ಮಾಡಬಲ್ಲಳೆಂದು ನನಗೆ ತಿಳಿದಿರಲಿಲ್ಲ. ಬಿಸಿಲಂತೂ ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಬಚ್ಚಲ ಒಲೆಯ ಮೇಲೆ ಅಡ್ಡಕ್ಕೆ ಬಿದಿರಿನ ಗಳ ಕಟ್ಟಿ, ಅಮ್ಮನ ಹಳೆ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆಗಳನ್ನು ಅದರ ಮೇಲೆ ಹರವುತ್ತಿದ್ದೆವು. ಒಂದು ಸಾಲು ಒಣಗುವಷ್ಟರಲ್ಲಿ ಇನ್ನೊಂದು ಸಾಲು ಸಿದ್ಧ.

ಕೆಲವು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಹೊಗೆ ಮೇಲೆ ಹೋಗುವುದನ್ನು ಬಿಟ್ಟು ಪಡಸಾಲೆಗೆ ಬರತೊಡಗಿತು. ಮಗುವಿನ ಬಟ್ಟೆ ಒಣಗಿದರೂ ಕಮಟು ವಾಸನೆ. ಮಗುವಿಗೆ ಕೆಮ್ಮು ಶುರುವಾಯಿತು. ಕಚೇರಿಯಲ್ಲಿ ಹೆಡ್ ಕ್ಲಾರ್ಕರು ನನ್ನ ಅಂಗಿಯ ವಾಸನೆ ಹಿಡಿದು, "ನೀವು ಮುಟ್ಟಿದ ಫೈಲಿಗೆ ಗೆದ್ಲು ಹತ್ತೋದಿಲ್ಲ ಬಿಡ್ರಿ" ಎಂದರು. ನಾನು ಗಾಳಿಯ ಮೇಲೆ ತಪ್ಪು ಹೊರಿಸಿದೆ. ಈ ವರ್ಷ ಗಾಳಿ ಆಗುಂಬೆ ಕಡೆಯಿಂದ ನೇರ ಬೀಸುತ್ತಿದೆ, ಅದಕ್ಕೇ ಹೊಗೆ ವಾಪಸು ಬರುತ್ತಿದೆ ಎಂದು ಊಟದ ಹೊತ್ತಿಗೆ ದಿನವೂ ವಿವರಿಸುತ್ತಿದ್ದೆ. ಅಮ್ಮ ತಲೆ ಬಗ್ಗಿಸಿ ಅನ್ನ ಬಡಿಸುತ್ತಿದ್ದಳು. ಲಲಿತ ಮಗುವಿನ ಎದೆ ನೀವುತ್ತಾ ಒಂದು ದಿನ ಹೇಳಿಯೇಬಿಟ್ಟಳು: "ಗಾಳಿ ಯಾವ ಕಡೆಯಿಂದಾದ್ರೂ ಬರ್ಲಿ. ಈ ಮನೆಯಿಂದ ಹೊಗೆ ಹೊರಡ್ಬೇಕು, ಇಲ್ಲ ನಾನು ಮಗೀನ ಕರ್ಕೊಂಡು ತೀರ್ಥಹಳ್ಳಿಗೆ ಹೊರಡ್ತೀನಿ." ಮಾತು ತಮಾಷೆಯದಾಗಿರಲಿಲ್ಲ. ಅವಳ ಟ್ರಂಕು ಆಗಲೇ ಗೋಡೆಯಿಂದ ಈಚೆಗೆ ಬಂದಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಒಲೆಯಿಂದ ಚಟ್ಟೆಂದು ಒಂದು ಕಿಡಿ ಹಾರಿತು. ಹೊಗೆಗೂಡಿನ ಬಾಯಲ್ಲಿ ಮಸಿಯ ಜೊತೆ ಸೀರೆಯ ನೂಲಿನ ಎಳೆಗಳೆಲ್ಲ ಅಂಟಿಕೊಂಡು ಜೋತಾಡುತ್ತಿದ್ದವು, ಅವು ಕೆಂಪಗೆ ಹೊತ್ತಿ ಗಳದ ಮೇಲಿನ ಬಟ್ಟೆಗೆ ಉದುರಿದವು. ಒಂದು ಬಟ್ಟೆ ಭಗ್ಗೆಂದಿತು. "ಅತ್ತೇ!" ಎಂದು ಕೂಗಿ ಲಲಿತ ಮಗುವನ್ನು ಎದೆಗೊತ್ತಿಕೊಂಡು ಜಗಲಿಗೆ ಓಡಿದಳು. ನಾನು ಹಂಡೆಯಿಂದ ನೀರು ತೋಡಿ ತೋಡಿ ಎರಚಿದೆ. ಅದು ಸ್ನಾನಕ್ಕೆ ಕಾದ ನೀರೆಂಬುದು ನನ್ನ ಕಾಲ ಮೇಲೆ ಬಿದ್ದಾಗಲೇ ನೆನಪಾದದ್ದು. ಬೆಂಕಿ ಆರಿತು.

ಕೆಂಡ ತಣ್ಣಗಾದ ಮೇಲೆ ಏಣಿ ಹಾಕಿ ಹತ್ತಿ ಹೊಗೆಗೂಡಿನೊಳಗೆ ಕೈ ತೂರಿದೆ. ಏನೋ ಮೆತ್ತಗೆ ಸಿಕ್ಕಿತು. ಜಗ್ಗಿದೆ. ಮಸಿ, ಇಲ್ಲಣದ ಜೇಡರಬಲೆ, ಜುಂಗು ಎಲ್ಲ ಒಟ್ಟಿಗೆ ನನ್ನ ತಲೆಯ ಮೇಲೆ ಕುಸಿಯಿತು. ಕೈಯಲ್ಲಿ ಉಳಿದದ್ದು ಒಂದು ಕಂಬಳಿ ತುಂಡು. ನೋಡಿದೊಡನೆ ಗುರುತು ಸಿಕ್ಕಿತು. ಹಳೆ ಮನೆಯ ಒಲೆಯ ಮುಂದೆ ಅಪ್ಪ ಬದುಕಿದ್ದಾಗ ಹೊದ್ದು ಕೂರುತ್ತಿದ್ದ ಕಂಬಳಿ ಅದು.

ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. "ನಾನೇ ತುರುಕಿದ್ದು" ಎಂದಳು. "ತೊಲೆಗೆ ಹುಳ ಬೀಳ್ತದೆ ಅಂತ." ಆಮೇಲೆ, "ತೊಲೆಗೆ ಅಂತ ಅಲ್ಲ ತಮ್ಮಾ. ಈ ಮನೇಲಿ ನಮ್ಮನೆ ವಾಸ್ನೆನೇ ಇಲ್ಲ. ಮರ ತಂದ್ವಿ, ಬಾಗ್ಲು ತಂದ್ವಿ, ಅದೊಂದು ಮಾತ್ರ ಅಲ್ಲೇ ಉಳೀತು. ಮಗೀನ ಬಟ್ಟೇಲಿ ಆ ವಾಸ್ನೆ ಬಂದಾಗ ನಿನ್ನನ್ನೇ ಎತ್ಕೊಂಡ ಹಾಗೆ ಆಗೋದು. ಅದರ ಕೆಮ್ಮು ಇದ್ರಿಂದ ಅಂತ ನಂಗೆ ಹೊಳೀಲಿಲ್ಲ" ಎಂದಳು.

ಮನೆ ಬಿಚ್ಚಿಸುವಾಗ ಅಳದಿದ್ದವಳು ಆಗ ಅತ್ತಳು. ನಾನು ಏಣಿಯ ಮೇಲೆಯೇ ನಿಂತಿದ್ದೆ. ಲಲಿತ ಜಗಲಿಯಿಂದ ಒಳಗೆ ಬಂದು ಮಗುವನ್ನು ಅತ್ತೆಯ ಕೈಗೆ ಕೊಟ್ಟಳು. ಮಗು ನನ್ನ ಮಸಿ ಮುಖ ನೋಡಿ ಕಿಟಾರನೆ ಕಿರುಚಿತು. ಅಳುತ್ತಿದ್ದ ಅಮ್ಮ, "ಅಪ್ಪನೇ ಕಣೇ, ಗುಮ್ಮ ಅಲ್ಲ" ಎನ್ನುತ್ತಾ ನಕ್ಕಳು. ಟ್ರಂಕು ಮತ್ತೆ ಗೋಡೆಗೆ ಹೋಯಿತು, ಕಂಬಳಿ ಅದರೊಳಗೆ ಸೇರಿತು.

ಅಲ್ಲಿಂದಾಚೆ ಅಮಾವಾಸ್ಯೆ ಬಂತೆಂದರೆ ಅಮ್ಮನೇ ಒಂದು ಉದ್ದ ಗಳದ ತುದಿಗೆ ಹಿಡಿಕಟ್ಟೆ ಪೊರಕೆ ಕಟ್ಟಿಸಿಕೊಂಡು, ಒಲೆ ಆರಿಸಿ, ಹೊಗೆಗೂಡು ಗುಡಿಸಲು ನಿಲ್ಲುತ್ತಿದ್ದಳು. ಬಟ್ಟೆಯ ಗಳವನ್ನು ಒಲೆಯಿಂದ ದೂರ ಕಟ್ಟಿಸಿದಳು, ಬಟ್ಟೆ ಹರವಿದ ಮೇಲೆ ಯಾರಾದರೊಬ್ಬರು ಕಾವಲಿರಬೇಕೆಂದು ಕಟ್ಟಪ್ಪಣೆ ಮಾಡಿದಳು. ಪಕ್ಕದಲ್ಲಿ ಯಾರು ಮನೆ ಕಟ್ಟಿದರೂ ಹೋಗಿ ಕೇಳುತ್ತಿದ್ದಳು: "ಹೊಗೆ ಎಲ್ಲಿ ಹೋಗ್ತದೆ?" ನನ್ನ ಕಾಯಿಲೆ ಯಾರಿಂದ ಅಂಟಿದ್ದೆಂದು ಈಗ ನಿಮಗೆ ತಿಳಿದಿರಬೇಕು. ಅವಳು ಹೋಗಿ ಎಷ್ಟೋ ಕಾಲವಾಯಿತು.

ಸುರೇಶನಿಗೆ ಇಷ್ಟನ್ನೂ ಹೇಳಿ, ಕೊಳವೆ ಗುಡಿಸಿಸಿ, ಸಾಗರಕ್ಕೆ ವಾಪಸು ಬಂದೆ. ಮನಸ್ಸು ತಡೆಯಲಿಲ್ಲ. ಹಳೆ ಟ್ರಂಕು ತೆಗೆದು ಕಂಬಳಿಗೆ ಮುಖ ಒತ್ತಿ ಕೂತೆ. ಇನ್ನೂ ಇತ್ತು, ಅಪ್ಪ, ಅಮ್ಮ, ನೀರಿನಡಿ ಹೋದ ಒಲೆ, ಎಲ್ಲ ಸೇರಿದ ಆ ಕಮಟು ಹೊಗೆ. ಹಿಂದಿನಿಂದ ಲಲಿತ ಬಂದದ್ದು ತಿಳಿಯಲಿಲ್ಲ. ಹೊಗೆ ಹೋಗದಿದ್ದರೆ ತಾನೇ ಹೋಗುತ್ತೇನೆಂದಿದ್ದ ಆ ಹೆಂಗಸು ಬಗ್ಗಿ, ತಾನೂ ಒಮ್ಮೆ ಮೂಸಿ ನೋಡಿ, ಸಿಡುಕಿದಳು:

"ಸಾಕು, ಬೇಗ ಮುಚ್ಚಳ ಹಾಕ್ರಿ. ಇರೋ ಚೂರು ವಾಸ್ನೆನೂ ಹೋಗಿಬಿಡ್ತದೆ."

ಊರಿಗೆಲ್ಲ ಹೊಗೆಗೆ ದಾರಿ ಬಿಡಿ ಎಂದು ಹೇಳಿಕೊಂಡು ತಿರುಗುವ ನಾನು ಟ್ರಂಕಿನ ಮುಚ್ಚಳ ಹಾಕಿದೆ. ಎಲ್ಲಾದರೂ ಸಂದು ಉಳಿದೀತೆಂದು ಅದರ ಮೇಲೆ ಕೂತೂಬಿಟ್ಟೆ.